ಬಂಗಾರಕ್ಕನ ವಯಸ್ಸು

ಕಾಲಮಾಪಕ ಯಂತ್ರದ ನೀಲಿ ಬೆಳಕು ತೊಗಲುಗೊಂಬೆಯ ಮೂಗುತಿಯಿಂದ ಸೀರೆಯಂಚಿನವರೆಗೆ ಹರಿದು ನಿಂತಿತು. ಚೂರು ಕತ್ತರಿಸಬೇಕಿಲ್ಲ, ಸುಡಬೇಕಿಲ್ಲ. ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಬೆಳಕೇ ಎಣಿಸುತ್ತಿತ್ತು. ಜೀವವಿರುವಷ್ಟು ದಿನ ಗಿಡವಾಗಲಿ ಮೇಕೆಯಾಗಲಿ ಆ ಇಂಗಾಲವನ್ನು ತುಂಬಿಕೊಳ್ಳುತ್ತಲೇ ಇರುತ್ತದೆ. ಸತ್ತ ಮೇಲೆ ಅದು ಒಂದೇ ಲೆಕ್ಕದಲ್ಲಿ ಕರಗುತ್ತ ಹೋಗುತ್ತದೆ. ಕಡಿಮೆ ಉಳಿದಷ್ಟೂ ವಸ್ತು ಹಳೆಯದು.

ಯಂತ್ರ ತೋರಿಸಿತು: ಸಾವಿರದ ಇನ್ನೂರು ವರ್ಷ.

ವಿಜ್ಞಾನಿ ಮಂದಾಕಿನಿ ಅಂಕಿಯನ್ನು ಮತ್ತೊಮ್ಮೆ ಓದಿದಳು. ಇಪ್ಪತ್ತೊಂದನೆಯ ಶತಮಾನ ಮುಗಿಯಲು ಬಂದಿದ್ದ ಆ ದಿನಗಳಲ್ಲಿ, ಐನೂರು ವರ್ಷ ಮೀರಿದ ವಸ್ತು ಬಾಗಲಕೋಟೆಯ ಆ ಸಂಗ್ರಹಾಲಯದ ಹೊಸ್ತಿಲು ದಾಟಿ ಹೊರಹೋಗುವಂತಿರಲಿಲ್ಲ. ಕಾನೂನಿಗೆ ಅವಳ ಯಂತ್ರದ ಮಾತೇ ವೇದವಾಕ್ಯ. ಗೊಂಬೆಯನ್ನು ಪ್ರದರ್ಶನಕ್ಕೆ ಎರವಲು ಕೊಟ್ಟು, ಈಗ ಮರಳಿ ಒಯ್ಯಲು ಬಂದಿದ್ದ ಗೊಂಬೆಯಾಟದ ಮುದುಕ ತುಕ್ಕಪ್ಪ ಎದುರಿಗೇ ಕುಳಿತಿದ್ದ.

"ಇದನ್ನ ನನ್ನ ಹೇಣ್ತಿ ತುಳಜವ್ವ ಮಾಡ್ಯಾಳ್ರಿ ಬಾಯಾರ. ಹ್ವಾದ ವರ್ಷ, ಸಾಯೂಕಿಂತ ಮೊದ್ಲ. ನಮ್ಮ ಆಟ ಸುರು ಆಗೂದ ಕಿಳ್ಳಿಕ್ಯಾತ, ಬಂಗಾರಕ್ಕ ಗಂಡ-ಹೇಣ್ತಿ ಜಗಳದಿಂದ. ಈ ಬಂಗಾರಕ್ಕ ಇಲ್ದ ನನ್ನ ಕ್ಯಾತ ಯಾರ ಜೋಡಿ ಜಗಳಾಡ್ಬೇಕ್ರಿ?"

ಯಂತ್ರ ಸುಳ್ಳಾಡದೆಂದು ಊರೂರು ಸಾರಿದವಳು ಮಂದಾಕಿನಿಯೇ. ಮದುವೆಯ ಮಾತೆತ್ತಿದವರಿಗೆಲ್ಲ ಈ ಯಂತ್ರವನ್ನೇ ತೋರಿಸಿ ನಕ್ಕಿದ್ದಳು. ಹಳೆಯದನ್ನೇ ಅಳೆದೂ ಅಳೆದೂ, ಹೊಸದೊಂದನ್ನು ಅದರ ಕೆಳಗೆ ಇಟ್ಟಿರಲೇ ಇಲ್ಲ.

ಅವಳು ತನ್ನ ಅಂಗೈಯನ್ನೇ ಇಟ್ಟಳು.

ಸಾವಿರದ ಇನ್ನೂರು ವರ್ಷ!

"ಯವ್ವಾ, ನನಕಿಂತ ಹಿರ್ಯಾರಾದ್ರಲ್ರೀ!" ಎಂದ ತುಕ್ಕಪ್ಪ.

"ನನಗಲ್ರೀ ಅಜ್ಜಾರ, ಗಾಳೀಗೆ ವಯಸ್ಸಾಗೈತಿ," ಎಂದಳು.

ಕಲ್ಲಿದ್ದಲು, ಪೆಟ್ರೋಲುಗಳು ಕೋಟ್ಯಂತರ ವರ್ಷ ನೆಲದೊಳಗೆ ಹುದುಗಿದ್ದವು. ಅವುಗಳಲ್ಲಿ ಆ ವಿಕಿರಣಶೀಲ ಇಂಗಾಲ ಎಂದೋ ಮುಗಿದಿತ್ತು. ಹಾಲಿಗೆ ನೀರು ಬೆರೆಸಿದಂತೆ ಅವುಗಳ ಹೊಗೆ ಗಾಳಿಗೆ ಬೆರೆತಿತ್ತು. ಆ ಗಾಳಿಯುಂಡು ಬೆಳೆದ ಜೋಳ, ಮೇಕೆ, ಮನುಷ್ಯ ಎಲ್ಲವೂ ಯಂತ್ರದ ಕಣ್ಣಿಗೆ ಪುರಾತನವೇ. ಓದುವ ಕಾಲಕ್ಕೆ ಕಲಿತಿದ್ದ ಸಂಗತಿಯೇ; ಹೆಸರು ಬಂದ ಮೇಲೆ ಮರೆತಿದ್ದಳು.

"ಈ ಯಂತ್ರವೊಂದರ ಮಾತನ್ನೇ ನಂಬುವಂತಿಲ್ಲ" ಎಂದು ಬರೆದು ಸಹಿ ಹಾಕಿ, ತನ್ನ ಕಾಲ ಮೇಲೆ ತಾನೇ ಕಲ್ಲು ಎಳೆದುಕೊಂಡಳು. ತುಕ್ಕಪ್ಪ ಬಂಗಾರಕ್ಕನನ್ನು ಅರಿವೆಯಲ್ಲಿ ಸುತ್ತಿ, ಕೈಮುಗಿದು ಹೋದ. ಆಮೇಲೆ ಅವಳ ಪ್ರಯೋಗಾಲಯದತ್ತ ಯಾರೂ ಸುಳಿಯಲಿಲ್ಲ.

ಅಲ್ಲೇ ಕುಳಿತು ಮಂದಾಕಿನಿ ಒಬ್ಬಳೇ ಅತ್ತಳು. ಮುಂದೆಂದೋ ತನ್ನ ಮೂಳೆ ಯಾರಿಗಾದರೂ ಸಿಕ್ಕರೆ, ಇಂಥದೇ ಲೆಕ್ಕ ನಂಬಿ ಗುರುತಿಲ್ಲದ ಯಾವುದೋ ಹಳೆಯ ಕಾಲದವರ ಸಾಲಿಗೆ ಸೇರಿಸಿಬಿಡುತ್ತಾರೆ. ಸತ್ತ ಮೇಲೂ ತನ್ನವರು ಎಂಬವರಿಲ್ಲ. ಬಯ್ದಾದರೂ ಹಗುರಾಗೋಣವೆಂದರೆ, ಆ ಹೊಗೆ ಬಿಟ್ಟವರು, ಅಂದರೆ ಈ ಕತೆ ಓದುತ್ತಿರುವ ನಾವು ನೀವು, ಒಬ್ಬರೂ ಉಳಿದಿರಲಿಲ್ಲ.