‘ಒಪ್ಪುತ್ತೇನೆ’ ಎಂಬ ಬಟನ್

ಆ್ಯಪಿಗೆ ಬೆಂಗಳೂರಿನ ಕಂಪನಿ ಎರಡು ಲಕ್ಷ ನಲವತ್ತು ಸಾವಿರ ಕೇಳಿತ್ತು. ಮೈಸೂರಿನವರು ಒಂದು ಲಕ್ಷ ಹತ್ತು ಸಾವಿರ, ಜಿಎಸ್‌ಟಿ ಬೇರೆ. ಕೊಳ್ಳೇಗಾಲದ ಸಣ್ಣ ಕಂಪನಿಯದು ನಲವತ್ತೆಂಟು ಸಾವಿರ. ಕಚೇರಿಯಲ್ಲಿ ಇದ್ದದ್ದೇ ಐವತ್ತು ಸಾವಿರ.

ಹೊಂಗೆಹುಂಡಿಯ ಸಂತೆಯನ್ನು ಊರೊಳಗಿಂದ ಮೂರು ಕಿಲೋಮೀಟರ್ ಆಚೆಯ ಬೈಪಾಸಿಗೆ ಸಾಗಿಸಬೇಕೇ, ಬೇಡವೇ? ಜನರನ್ನು ಆನ್‌ಲೈನಿನಲ್ಲೇ ಕೇಳಿ ಎಂದು ಮೇಲಿನಿಂದ ಆದೇಶ. ಆ್ಯಪ್ ಆರಿಸುವ ಕೆಲಸ ಯಳಂದೂರಿನ ತಾಲ್ಲೂಕು ಪಂಚಾಯಿತಿ ಕಚೇರಿಯ ಗುತ್ತಿಗೆ ನೌಕರಳಾದ ಕೋಮಲಳ ತಲೆಗೆ ಬಿದ್ದಿತ್ತು.

ಕುಂತೂರಿನಿಂದ ದಿನಾ ಬಸ್ಸು. ಬಸ್ಸಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು... ಕಚೇರಿ ಸೇರುವಷ್ಟರಲ್ಲೇ ಸಾಕುಸಾಕಾಗಿರುತ್ತಿತ್ತು.

"ಒಳಗೆ ಬರಬಹುದಾ ಮೇಡಂ? ಕೊಳ್ಳೇಗಾಲದಿಂದ ಬಂದಿದ್ದೀನಿ, ಆ್ಯಪ್ ತೋರಿಸೋಕೆ."

ತಲೆಯೆತ್ತಿದ ಕೋಮಲಳ ಕೈಯಿಂದ ಪೆನ್ನು ಜಾರಿತು.

ಶಾಂತಮೂರ್ತಿ!

ಮೂರು ವರ್ಷದ ಹಿಂದೆ ಅವಳನ್ನು ನೋಡಲು ಬಂದು, ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡು, ಹೋಗುವಾಗ ಬಾಗಿಲಲ್ಲಿ ತಿರುಗಿ ನಕ್ಕು... ಆಮೇಲೆ ಒಂದು ಮಾತೂ ಹೇಳಿ ಕಳಿಸದ ಹುಡುಗ.

"ನೀವು... ಇಲ್ಲಿ?" ಅವನ ದನಿ ತಡವರಿಸಿತು.

"ಕೂತ್ಕೊಳ್ಳಿ. ಕೆಲಸದ ಮಾತಾಡಿ."

ಅವನು ತೋರಿಸಿದ. ಅಕ್ಷರಗಳೆಲ್ಲ ಕನ್ನಡದಲ್ಲಿದ್ದವು. ಅಗ್ಗದ ಫೋನಿನಲ್ಲೂ ನಡೆಯುತ್ತಿತ್ತು. 'ಸಿಟ್ಟು ಅವನ ಮೇಲೆ, ಆ್ಯಪಿನ ಮೇಲಲ್ಲ' ಎಂದುಕೊಂಡು ಕೋಮಲ ಸಹಿ ಹಾಕಿದಳು.

ಹದಿನೈದು ದಿನಕ್ಕೆ ಇನ್ನೂರ ಹನ್ನೆರಡು ಜನ ಅಭಿಪ್ರಾಯ ಹೇಳಿದ್ದರು. ಇನ್ನೂರ ಮೂರು ಜನ, ಸಂತೆ ಸಾಗಿಸಿ ಎಂದಿದ್ದರು.

"ನೋಡಿದ್ರಾ? ಜನಕ್ಕೇ ಬೇಕಾಗಿದೆ. ಶುಕ್ರವಾರ ಆದೇಶ ಹೊರಡಿಸ್ತೀನಿ," ಎಂದರು ಅಧಿಕಾರಿ ಶಿವರುದ್ರಸ್ವಾಮಿ.

ಕೋಮಲಳಿಗೆ ನಂಬಿಕೆ ಬರಲಿಲ್ಲ. ತಲೆಯ ಮೇಲೆ ಕುಕ್ಕೆ ಹೊತ್ತು ಬರುವವರು ಇನ್ನೂ ಮೂರು ಕಿಲೋಮೀಟರ್ ನಡೆಯುತ್ತೇವೆ ಅನ್ನುತ್ತಾರೆಯೇ? ಮರುದಿನ ಮಂಗಳವಾರ, ಸಂತೆಗೇ ಹೋದಳು.

ಸೊಪ್ಪು ಮಾರುವ ಸುವರ್ಣಮ್ಮ ಎಲೆಅಡಿಕೆ ಚೀಲದಿಂದ ಫೋನ್ ತೆಗೆದಳು.

"ನೋಡವ್ವ, ತೆಗುದ್ ತಕ್ಷಣ 'ಒಪ್ಪುತ್ತೇನೆ' ಒತ್ತು ಅಂತದೆ. ನಾನ್ಯಾಕೆ ಒತ್ಲಿ? ಒತ್ತುದ್ರೆ ಸಂತೆ ಎತ್ತಾಕ್ಬುಡ್ತಾರೆ! ಯಾರೂ ಒತ್ಬ್ಯಾಡಿ ಅಂತ ಇಡೀ ಸಂತೆಗೇ ಏಳಿವ್ನಿ. ನಮ್ ಯಜಮಾನ್ರು ಒತ್ತಾಕೋದ್ರು, ಕೈ ಮ್ಯಾಲೆ ಒಂದು ಕೊಟ್ಟೆ!"

ಆ ಬಟನ್ ಇದ್ದದ್ದು ಆ್ಯಪಿನ ನಿಯಮಗಳಿಗೆ. ಸಂತೆಯ ಪ್ರಶ್ನೆ ಬರುವುದೇ ಅದನ್ನು ಒತ್ತಿದ ಮೇಲೆ. ಬೇಡ ಅನ್ನುವವರೆಲ್ಲ ಬಾಗಿಲಲ್ಲೇ ನಿಂತುಬಿಟ್ಟಿದ್ದರು!

ಫೋನ್ ಮಾಡಿದ ಒಂದು ಗಂಟೆಯಲ್ಲಿ ಶಾಂತಮೂರ್ತಿ ಬೈಕಿನಲ್ಲಿ ಸಂತೆಗೆ ಬಂದ.

"ಅದು ನಿಯಮಕ್ಕೆ ಒಪ್ಪಿಗೆ ಅಂತ..."

"ಯಾವುದಕ್ಕೆ ಅಂತ ಎಲ್ಲಿ ಬರೆದಿದ್ದೀರಿ? ನಾನೂ ನೋಡ್ಲಿಲ್ಲ, ನನ್ನದೂ ತಪ್ಪೇ. ಆದ್ರೆ ನಿಮಗೆ ಒಪ್ಪಿಗೆ ಕೇಳೋಕೇ ಬರಲ್ಲ! ಅವತ್ತೂ ಬರಲಿಲ್ಲ!"

ಮಾತು ಬಾಯಿ ಜಾರಿತ್ತು. ಅವಳ ಕಣ್ಣು ತುಂಬಿತು.

ಶಾಂತಮೂರ್ತಿ ಹೆಲ್ಮೆಟ್ ಕೆಳಗಿಟ್ಟ. "ಕೇಳಿದ್ದೆ. ನಮ್ಮವ್ವನ ಕೈಲಿ ಫೋನ್ ಮಾಡ್ಸಿದ್ದೆ. 'ಹುಡುಗಿ ಏನೂ ಹೇಳ್ತಿಲ್ಲ' ಅಂದ್ರು ನಿಮ್ಮಪ್ಪ. ಸುಮ್ನಿದ್ದೋರನ್ನ ಬೇಡ ಅಂದೋರ ಜೊತೆ ಸೇರಿಸ್ಬಿಟ್ಟೆ."

"ಕೇಳಿದ್ರೆ ತಾನೇ ಹೇಳೋದು? ನನ್ನನ್ನ ಯಾರೂ ಕೇಳಲೇ ಇಲ್ಲ! ನಿಮ್ಮ ಕಡೆಯಿಂದ ಏನಾದ್ರೂ ಬರುತ್ತೆ ಅಂತ ಎಂಟು ತಿಂಗಳು ಕಾದೆ..."

"ನಿಮ್ ಮದ್ವೆ ಮಾತು ಆಮ್ಯಾಕೆ ಆಡ್ಕಳಿ," ಎಂದಳು ಸುವರ್ಣಮ್ಮ, ಸೊಪ್ಪಿನ ಕಂತೆ ಕಟ್ಟುತ್ತಾ. "ನಮ್ ಸಂತೆ ಗತಿ ಏನು, ಅದ್ನೇಳಿ ಮೊದ್ಲು!"

ಕೋಮಲ ಕಚೇರಿಗೆ ಹೋಗಿ ಬರೆದುಕೊಟ್ಟಳು: ಆ್ಯಪ್ ಆರಿಸುವಾಗ ನಾನು ಸರಿಯಾಗಿ ನೋಡಿಲ್ಲ, ಮತ್ತೆ ಕೇಳಬೇಕು.

ಶಿವರುದ್ರಸ್ವಾಮಿ ಕನ್ನಡಕ ತೆಗೆದರು. "ಇದು ಫೈಲಿಗೆ ಹೋದ್ರೆ ನಿಮ್ಮ ಗುತ್ತಿಗೆ ಮುಂದುವರಿಯಲ್ಲಮ್ಮ. ಯೋಚನೆ ಮಾಡಿ."

"ಮಾಡಿದ್ದೀನಿ ಸಾರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡು, ಇನ್ನೆರಡು ವಾರ ಜನರ ಅಭಿಪ್ರಾಯ ಕೇಳಲು ಸಹಿ ಹಾಕಿದರು.

ಶಾಂತಮೂರ್ತಿ ಬಟನ್ ಕಿತ್ತುಹಾಕಿದ. ಓದಲು ಬಾರದವರು ಬಾಯಲ್ಲೇ ಹೇಳುವಂತೆ ಮಾಡಿದ. ಎರಡು ಮಂಗಳವಾರ ಇಬ್ಬರೂ ಸಂತೆಯಲ್ಲೇ ಚಾಪೆ ಹಾಸಿ ಕೂತು, ಬಂದವರ ಮಾತನ್ನೆಲ್ಲ ಫೋನಿಗೆ ಹಿಡಿದರು. ಏಳುನೂರ ಎಂಬತ್ತು ಜನ! ಆರುನೂರ ನಲವತ್ತೊಂದು ಜನ ಸಂತೆ ಇಲ್ಲೇ ಇರಲಿ ಎಂದರು.

ಎರಡನೇ ಮಂಗಳವಾರದ ಸಂಜೆ. ಕೋಮಲಳಿಗೆ ಚಾಪೆ ಮಡಿಸುವ ಶಕ್ತಿಯೂ ಇರಲಿಲ್ಲ. ಅವನೇ ಇನ್ನೊಂದು ತುದಿ ಹಿಡಿದ.

"ಕೋಮಲ, ಈ ಸಲ ನಾನೇ ಕೇಳ್ತೀನಿ. ಒಪ್ಪಿಗೇನಾ?"

"ಯಾವುದಕ್ಕೆ ಅಂತ ಪೂರ್ತಿ ಹೇಳಿ. ಅರ್ಧ ಕೇಳಿದ್ರೆ ಒತ್ತಲ್ಲ."

ಅವನು ನಕ್ಕ. ಅಂದು ಬಾಗಿಲಲ್ಲಿ ನಕ್ಕ ಅದೇ ನಗು. "ನನ್ನನ್ನ ಮದುವೆ ಆಗೋಕೆ. ಬೇಡ ಅನ್ನೋಕೂ ಜಾಗ ಇದೆ, ಬೇಜಾರು ಮಾಡ್ಕೊಳಲ್ಲ."

"ಬೇಡ ಅನ್ನೋ ಜಾಗ ಖಾಲಿ ಇರ್ಲಿ ಬಿಡಿ..." ಅವಳ ದನಿ ತಗ್ಗಿತು. "ಒಪ್ಪಿಗೆ."

ಸಂತೆ ಇದ್ದಲ್ಲೇ ಉಳಿಯಿತು. ಮಾರ್ಚಿಗೆ ಕೋಮಲಳ ಕೆಲಸ ಹೋಯಿತು. ಶಾಂತಮೂರ್ತಿಯ ಬಿಲ್ಲಿನಲ್ಲಿ ಅರ್ಧ ಕಡಿತವಾಯಿತು. ಏಪ್ರಿಲಿನಲ್ಲಿ ಮದುವೆಯಾಯಿತು. ಕಳೆದ ಆ ಮೂರು ವರ್ಷ ಮಾತ್ರ ಮತ್ತೆ ಸಿಗಲಿಲ್ಲ.