ಯಾರೂ ತೋರಿಸದ ಗಂಡು

ಗಿರಾಕಿ ಬಿಚ್ಚಿಸಿ ನೋಡಿ ಬಿಟ್ಟುಹೋದ ಸೀರೆಗಳನ್ನು ಇಬ್ಬರೂ ಸೇರಿ ಮಡಚುತ್ತಿದ್ದರು. ಒಂದು ತುದಿ ಶೇವಂತಾಳ ಕೈಯಲ್ಲಿ, ಇನ್ನೊಂದು ಮೌನೇಶನ ಕೈಯಲ್ಲಿ. ಪ್ರತಿ ಮಡಿಕೆಗೂ ಅವನು ಒಂದು ಹೆಜ್ಜೆ ಹತ್ತಿರ ಬರುತ್ತಿದ್ದ. ಕೊನೆಯ ಮಡಿಕೆಯಲ್ಲಿ ಬೆರಳಿಗೆ ಬೆರಳು ತಾಗಿದರೆ, ಅವಳು ಅಂಚು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು.

ಸೂಪರ್ ಮಾರ್ಕೆಟ್ ಪೇಟೆಯ ಆ ಸೀರೆ ಅಂಗಡಿಗೆ ಅವಳು ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮೌನೇಶ ಒಂದು ಪುಸ್ತಕ ಓದುತ್ತಿದ್ದ, ಜಾಣರೂ ಯಾಕೆ ತಪ್ಪನ್ನೇ ಆರಿಸಿಕೊಳ್ಳುತ್ತಾರೆ ಎಂಬ ಪುಸ್ತಕ. ಎರಡು ವಾರದಿಂದ ಅದನ್ನು ಅವಳಿಗೂ ಕೊಡುತ್ತಿದ್ದ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು.

ಅಂದು ಓದುತ್ತ ನಕ್ಕಳು.

"ಏನಾತು?"

"ಒಂದು ಮಾಲು ಮಾರಬೇಕಂದ್ರ ಬಾಜೂಕ ಅದಕ್ಕಿಂತ ಕೆಟ್ಟದ್ದೊಂದು ಇಡಬೇಕಂತ. ಚಲೋದ್ದು ಸಿಕ್ತು ಅಂತ ಮನಸ್ಸು ತಾನೇ ಖುಷಿ ಪಡ್ತದಂತ. ಇದಕ್ಕ ಪುಸ್ತಕ ಬೇಕೇನ್ರೀ? ನಮ್ಮ ಸಾವ್ಕಾರ್ರು ದಿನಾ ಮಾಡ್ತಾರ."

"ಮೊದಲು ಆ ಹಳದಿ ಸೀರಿ," ಅಂದ ಮೌನೇಶ.

"ಆಮ್ಯಾಲ ಹಸರದು. ಇದ ಇರ್ಲಿ ಅಂತಾರ ಗಿರಾಕಿ. ಮೂರನೇದು ಯಾರೂ ಕೇಳಂಗಿಲ್ಲ."

ಹೇಳಿದವಳ ಬೆರಳು ಆ ಸಾಲಿನ ಕೆಳಗೇ ನಿಂತಿತು. ಕಳೆದ ವಾರ ಅಪ್ಪನ ಅಕ್ಕ ಲಲಿತಾಬಾಯಿ ಮೊದಲು ಅವಳ ಮದುವೆಗೆಂದು ನಲವತ್ತು ದಾಟಿದ ಒಬ್ಬನ ಫೋಟೊ ತೋರಿಸಿದ್ದಳು. ಅವ್ವ ಅತ್ತಿದ್ದಳು. ಮರುದಿನ ನಂದೂರಿನ ದಾಲ್ ಮಿಲ್ಲಿನ ನೀಲಕಂಠನ ಫೋಟೊ ಬಂತು. ಮನೆಯವರೆಲ್ಲ ಹಗುರಾದರು. ಶೇವಂತಾಳೂ ಗೋಣು ಹಾಕುವುದರಲ್ಲಿದ್ದಳು. ಇವತ್ತು ಸಂಜೆ ಒಪ್ಪಿಗೆ ಹೇಳಬೇಕಿತ್ತು.

"ನನಗೂ ಹಳದಿ ಸೀರಿ ತೋರಿಸ್ಯಾರ್ರೀ," ಎಂದು ಎಲ್ಲ ಹೇಳಿದಳು.

ಮೌನೇಶ ಪುಸ್ತಕ ಮುಚ್ಚಿದ. "ಮತ್ತ ನಾ ಎಷ್ಟನೇದು?" ನಗುತ್ತಲೇ ಕೇಳಿದ. ಕಿವಿ ಮಾತ್ರ ಕೆಂಪಾಗಿದ್ದವು.

ಅವಳು ಮೊದಲ ಸಲ ಅವನ ಮುಖವನ್ನು ಪೂರ್ತಿ ನೋಡಿದಳು.

"ನಿಮ್ಮನ್ನ ನನಗ ಯಾರೂ ತೋರಿಸಿಲ್ರೀ. ನಾನೇ ನೋಡೀನಿ. ಎರಡು ವರ್ಷದಿಂದ."

ಅವನು ಬಹಳ ಹೊತ್ತು ಕೌಂಟರನ್ನೇ ಒರೆಸಿದ. "ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ. ಇದೂ ಹುಚ್ಚುತನ ಅಂತ ಆ ಪುಸ್ತಕ ಅಂದ್ರ?"

"ಅಂದ್ರ ಅನ್ಲಿ. ತಪ್ಪು ಮಾಡಿದ್ರ ನಂದೇ ತಪ್ಪು ಮಾಡ್ತೀನಿ, ಅತ್ತೀದು ಯಾಕ ಮಾಡ್ಲಿ? ರವಿವಾರ ಮನೀಗಿ ಬರ್ತೀರೋ ಇಲ್ಲೋ?"

"ಬರ್ತೀನಿ."

ಕಮಲಾಪುರದ ಮನೆಯಲ್ಲಿ ಲಲಿತಾಬಾಯಿ ಫೋನ್ ಹಿಡಿದೇ ಕೂತಿದ್ದಳು. "ಬಾರವ್ವ. ನೀಲಕಂಠಗ ಹೂಂ ಅಂದುಬಿಡ್ಲೇನು?"

"ಬ್ಯಾಡ್ರಿ ಅತ್ತಿ."

"ಹಂಗಾರ ಆ ಮುದುಕ ಬೇಕೇನು?"

"ಇಬ್ಬರೂ ಬ್ಯಾಡ. ಆ ಮುದುಕನ್ನ ನೀವು ನನಗ ಗಂಡ ಅಂತ ಮಾಡಾಕ ತಂದಿದ್ದಿಲ್ಲ. ನೀಲಕಂಠನ್ನ ಚಲೋ ಕಾಣಸಾಕ ತಂದಿದ್ರಿ."

ಇಷ್ಟು ಉದ್ದದ ಮಾತನ್ನು ಆ ಮನೆ ಅವಳಿಂದ ಕೇಳಿರಲೇ ಇಲ್ಲ.

"ಯಾರು ಕಲಿಸ್ಯಾರ ಇದನ್ನ?" ಲಲಿತಾಬಾಯಿ ಫೋನ್ ಕೆಳಗಿಟ್ಟಳು.

"ಓದೀನ್ರೀ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಶೇವಂತಾ ಅಪ್ಪನ ಎದುರು ನೆಲದ ಮೇಲೆ ಕೂತಳು.

"ಅಪ್ಪಾ, ನಮ್ಮ ಅಂಗಡ್ಯಾಗ ಕೆಲಸ ಮಾಡೋ ಮೌನೇಶ ಅಂತ ಅದಾರ. ನನಗ ಅವರು ಬೇಕು. ರವಿವಾರ ಬರ್ತಾರ. ಒಮ್ಮೆ ಅವರ ಜೋಡಿ ಕುಂತು ಮಾತಾಡ್ರಿ."

ಅಪ್ಪ ಗೋಡೆ ನೋಡಿದ. ಅವಳು ಎದ್ದು ಹೋಗಲಿಲ್ಲ.

"ಮಾತಾಡ್ರಿ ಅಪ್ಪಾ."