ಬಿಳಿ ಹೂವಿಗೆ ಬುತ್ತಿ ಹೊತ್ತವರು

ಬೇರುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಹೊಂಬಳ್ಳಿ ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಯ ತೋಟ ನೋಡಿಕೊಳ್ಳುತ್ತಿದ್ದವಳು ಮಾಳವ್ವೆ. ಅವಳಿಗೆ ಹೊನ್ನಾಲಿ ಎಂಬ ತಂಗಿ, ನಿಂಗಾಜಿ ಎಂಬ ಅವ್ವ.

ಧೂಮಾಕ್ಷನೆಂಬ ಮಾಂತ್ರಿಕ ಹೊನ್ನಾಲಿಯನ್ನು ಮದುವೆಗೆ ಕೇಳಿ ಬಂದ.

"ನಿನ್ನ ಮನೆ ಅನ್ನ ನನಗೆ ಬೇಡ" ಎಂದಳು ಅವಳು.

"ಹಾಗಾದರೆ ಎಲೆಯಿಲ್ಲದ ಗಿಡವಾಗು. ಬಿಸಿಲಿದ್ದರೂ ಉಣ್ಣಲಾರದ ಗಿಡವಾಗು. ನಿನ್ನ ಬಾಯಲ್ಲಿ ತುತ್ತಿರುವಾಗಲೇ ಉಣಿಸುವವರ ಹೆಸರನ್ನು ನಿನ್ನವರು ಹೇಳಿದರೆ ಮಾತ್ರ ನನ್ನ ಮಾಯೆ ಮುರಿಯುತ್ತದೆ. ಯಾರು ಉಣಿಸುತ್ತಾರೋ ನೋಡೋಣ!"

ಹೊನ್ನಾಲಿ ಮಾಯವಾದಳು. ಅವ್ವ ಹುಡುಕುತ್ತ ಕಾಡಿಗೆ ಹೋದಳು, ಮರಳಲಿಲ್ಲ. ಕೊನೆಗೆ ಮಾಳವ್ವೆ ಹೊರಟಳು.

ಬಿಸಿಲು ಬೀಳದ ಮರಗಳ ಬುಡದಲ್ಲಿ ಒಂದು ಬಿಳಿ ಹೂವು ತಲೆ ತಗ್ಗಿಸಿ ನಿಂತಿತ್ತು. ಒಂದೂ ಎಲೆಯಿಲ್ಲ. ದಂಟಿನ ಮೇಲೆ ತಂಗಿಯ ಕೊರಳಿನ ಮಚ್ಚೆ.

"ಉಣಿಸುವುದು ಬಿಸಿಲು" ಎಂದು ಮಾಳವ್ವೆ ಮೇಲಿನ ಕೊಂಬೆಗಳನ್ನು ಕಡಿದಳು. ಹೂವು ಬಾಡಿತು. ದೂರದಲ್ಲಿ ಧೂಮಾಕ್ಷ ನಕ್ಕ.

"ಉಣಿಸುವುದು ಗೊಬ್ಬರ" ಎಂದು ಹೊತ್ತು ತಂದು ಸುರಿದಳು. ಹೂವಿನ ಅಂಚು ಕಪ್ಪಗಾಯಿತು. ನಗೆ ಹತ್ತಿರವಾಯಿತು.

ಮೂರನೆಯದು ಅರಮನೆ ತೋಟದ ಪದ್ಧತಿ. ಸೊರಗಿದ ಗಿಡವನ್ನು ಕಿತ್ತು, ಬೇರಿನ ಬೂಷ್ಟು ತೊಳೆದು ನೆಡಬೇಕು. "ಉಣಿಸುವುದು ನೀರು, ಕದಿಯುವುದು ಈ ಬೂಷ್ಟು" ಎಂದು ಮಾಳವ್ವೆ ಹೂವನ್ನು ಎತ್ತಿದಳು. ಬೇರಿನ ತುಂಬ ಬಿಳಿ ಎಳೆಗಳು. ಒಂದೂ ಉಳಿಯದಂತೆ ತೊಳೆದಳು.

"ಅಕ್ಕಾ, ಹಸಿವು" ಎಂದಿತು ಹೂವು. ಅವಳ ಅಂಗೈಯಲ್ಲೇ ಒರಗಿತು.

ಗುಂಡಿಯೊಳಗಿಂದ ದನಿ ಬಂತು. "ಎಷ್ಟು ಚೊಕ್ಕವಾಗಿ ತೊಳೆದೆ ತಾಯಿ! ನಮ್ಮ ಕೈಗಳನ್ನೇ ತೊಳೆದು ಹಾಕಿದೆ."

"ಯಾರು ನೀವು?"

"ಅಣಬೆ ಕುಲದವರು, ಬುತ್ತಿ ಹೊರೋರು. ದಾರಿಯಲ್ಲಿ ಒಂದು ತುತ್ತು ನಾವೂ ತಿಂತೀವಿ, ಸುಳ್ಳು ಯಾಕೆ? ಉಳಿದದ್ದೆಲ್ಲ ಇವಳಿಗೆ."

"ಬುತ್ತಿ ಕಟ್ಟೋರು ಯಾರು?"

"ಎಳೆ ಹಿಡಿದು ಬಾ."

ತರಗೆಲೆ ಸರಿಸುತ್ತ ಸರಿಸುತ್ತ ಮಾಳವ್ವೆ ಹೋದಳು. ಎಳೆ ಒಂದು ಮರದ ಬೇರಿನಲ್ಲಿ ಮುಗಿಯಿತು. ತೊಗಟೆಯ ಮೇಲೆ ಅವ್ವನ ಹಣೆಯ ಹಚ್ಚೆಯಿತ್ತು.

"ಅವ್ವಾ! ಮರ ಯಾಕಾದೆ?"

"ಮನುಷ್ಯರ ಅನ್ನ ಅವಳಿಗೆ ಇಳಿಯಲ್ಲವಂತೆ. ಕಾಡಮ್ಮನ ಕಾಲು ಹಿಡಿದು ಮರವಾದೆ ಮಗಾ. ಇವತ್ತು ಬುತ್ತಿ ಮುಟ್ಟಿಲ್ಲ ಅಂತಾರೆ. ಹೊನ್ನಾಲಿ ಉಂಡಳೇನೇ?"

ಮಾಳವ್ವೆ ಕೈಯಲ್ಲಿದ್ದ ಹೂವನ್ನು ಬೇರಿನ ಬಳಿ ಹಿಡಿದಳು. "ನಾನೇ ಕಿತ್ತೆ ಅವ್ವಾ."

"ನಿನಗೇನು ಗೊತ್ತಿತ್ತು, ಬಿಡು."

ಅಣಬೆಗಳು ಮೆಲ್ಲಗೆ ಹೇಳಿದವು. "ಸಂಜೆಯೊಳಗೆ ಹೊಸ ಎಳೆ ನೂಲಬೇಕು. ಅದಕ್ಕೆ ಬುತ್ತಿ ಸಾಲದು, ಮರದ ಜೀವವೇ ಬೇಕು."

"ತಗೊಳ್ರಪ್ಪ" ಎಂದಳು ಅವ್ವ.

"ಬೇಡ ಅವ್ವಾ!"

"ನಿಂತು ಅಳಬೇಡ. ಹೋಗಿ ಅವಳನ್ನ ಮಣ್ಣಿಗಿಡು."

ಮಾಳವ್ವೆ ಓಡಿದಳು. ಬೆನ್ನ ಹಿಂದೆ ಎಲೆಗಳು ಉದುರುತ್ತಿದ್ದವು. ಅವಳು ತಿರುಗಲಿಲ್ಲ. ಹೂವನ್ನು ಅದೇ ಗುಂಡಿಯಲ್ಲಿಟ್ಟು, ಅದೇ ಮಣ್ಣು ಮುಚ್ಚಿ ಕಾದಳು. ಸಂಜೆ ಬಿಳಿಯ ಎಳೆಯೊಂದು ಬೇರನ್ನು ಮುಟ್ಟಿತು. ಹೂವು ತಲೆ ಎತ್ತಿತು.

"ಉಣಿಸುತ್ತಿರುವವಳು ನಿಂಗಾಜಿ" ಎಂದಳು ಮಾಳವ್ವೆ. "ನಮ್ಮವ್ವ."

ನಗುತ್ತಿದ್ದ ಧೂಮಾಕ್ಷ ಹಳೆಯ ಅಣಬೆಯಂತೆ ಒಡೆದು ಪುಡಿಯಾಗಿ ಹಾರಿಹೋದ. ಅವನು ಕಲ್ಲು, ಕಪ್ಪೆ ಮಾಡಿದವರೆಲ್ಲ ಮನುಷ್ಯರಾಗಿ ಎದ್ದರು. ಹೊನ್ನಾಲಿಯೂ ಎದ್ದಳು. ತುಟಿಯಲ್ಲಿ ಮಣ್ಣು.

"ಅಕ್ಕಾ, ಅವ್ವನ ಕೈರುಚಿ! ಅವ್ವ ಎಲ್ಲಿ?"

ಮಾಳವ್ವೆ ಅವಳ ಕೈ ಹಿಡಿದು ಎಲೆಯಿಲ್ಲದ ಮರದ ಬಳಿಗೆ ಕರೆದೊಯ್ದಳು.

ಆಮೇಲೆ ಹೊಂಬಳ್ಳಿ ಸುಖವಾಗಿತ್ತು. ಅರಮನೆ ತೋಟದಲ್ಲಿ ಮತ್ತೆ ಯಾರೂ ಬೇರಿನ ಬಿಳಿ ಎಳೆ ತೊಳೆಯಲಿಲ್ಲ. ಅಕ್ಕತಂಗಿಯರು ತಮ್ಮ ಮೊದಲ ತುತ್ತನ್ನು ದಿನವೂ ಆ ಮರದ ಬುಡದಲ್ಲಿ ಇಡುತ್ತಿದ್ದರು.

"ಯಾರಿಗೆ ಮುಟ್ಟಿಸಬೇಕು?" ಎಂದು ಅಣಬೆಗಳು ಕೇಳುತ್ತಿದ್ದವು.

"ಅವ್ವನಿಗೆ."

ಮರ ಚಿಗುರಲಿಲ್ಲ. ಆದರೆ ಬುತ್ತಿ ಮುಟ್ಟಲಿಲ್ಲವೆಂದು ಅಣಬೆಗಳು ಒಮ್ಮೆಯೂ ಹೇಳಲಿಲ್ಲ.